ಮೇಲ್ವಿಚಾರಕಿಯ ಕುರ್ಚಿ

ಪದವಿಯಿಲ್ಲದ ನರ್ಸುಗಳು ಕರ್ತವ್ಯದ ವೇಳೆಯಲ್ಲಿ ಕುಳಿತುಕೊಳ್ಳತಕ್ಕದ್ದಲ್ಲ ಎಂಬುದು ಆ ಆಸ್ಪತ್ರೆಯ ನಿಯಮ. ಮೇಲ್ವಿಚಾರಕಿಯ ಕೋಣೆಯಲ್ಲಿ ಒಂದು ಮೆತ್ತನೆಯ ಕುರ್ಚಿಯಿತ್ತು. ಅದರಲ್ಲಿ ಕೂರುವವಳು ಪದವೀಧರೆಯೇ ಆಗಿರಬೇಕು. ಬರೀ ಡಿಪ್ಲೊಮಾದ ಬಲದಲ್ಲಿ ಅರ್ಧ ಆಯಸ್ಸನ್ನು ವಾರ್ಡಿನಲ್ಲಿ ನಿಂತೇ ಸವೆಸಿದ ಸಿಸ್ಟರಕ್ಕನ ಪಾದಗಳು ತಲೆದಿಂಬಿನಂತೆ ಊದಿಕೊಂಡಿದ್ದವು. ಆ ಕುರ್ಚಿಯ ಆಸೆಗೆ ಬಿದ್ದು ಆಕೆ ಬಿ.ಎಸ್ಸಿ. ನರ್ಸಿಂಗಿಗೆ ಸೇರಿದಳು.

ಥಿಯರಿ ಸಲೀಸಾಗಿ ಮುಗಿಯಿತು. ಪ್ರಾಯೋಗಿಕ ತರಬೇತಿಯನ್ನು ಮಾತ್ರ ತಾನಿರುವ ಆಸ್ಪತ್ರೆಯ ಮೇಲ್ವಿಚಾರಕಿಯ ಕಣ್ಣೆದುರೇ ಮುಗಿಸಬೇಕಿತ್ತು. ಮೇಲ್ವಿಚಾರಕಿಯ ಹುದ್ದೆಯೋ, ಸಿಸ್ಟರಕ್ಕ ಪಾಸಾಗಿ ಬರಲಿ ಎಂದೇ ಖಾಲಿ ಬಿದ್ದಿತ್ತು.

ಸೂಪರಿಂಟೆಂಡೆಂಟ್ ಸಾಹೇಬರು ತಬ್ಬಿಬ್ಬಾಗುವ ಪೈಕಿಯವರಲ್ಲ. "ನೋಡಮ್ಮಾ, ಸದ್ಯಕ್ಕೆ ನೀವೇ ನಿಮ್ಮ ಮೇಲ್ವಿಚಾರಕಿ. ನಿಮ್ಮ ಮೇಲೆ ಒಂದು ಕಣ್ಣಿಟ್ಟಿರಿ."

"ಕುರ್ಚಿ, ಸಾರ್?"

"ಮೇಲ್ವಿಚಾರಕಿ ಆಗಿದ್ದಾಗ ಧಾರಾಳವಾಗಿ ಕೂತ್ಕೊಳ್ಳಿ. ಆದ್ರೆ ನೀವು ಕೆಲಸ ಮಾಡೋವಾಗ ಮೇಲ್ವಿಚಾರಕಿಯವರು ಪಕ್ಕದಲ್ಲೇ ನಿಂತಿರಬೇಕು."

ಸಿಸ್ಟರಕ್ಕ ತನಗೆ ತಾನು ಸಲಿಗೆ ಕೊಡಲಿಲ್ಲ. ತಡವಾಗಿ ಬಂದ ದಿನ ತನಗೇ ಮೆಮೊ ಕೊಟ್ಟಳು. ಅದಕ್ಕೆ ತಾನು ಕೊಟ್ಟ ಉತ್ತರ ಉದ್ಧಟತನದ್ದೆಂದು ಇನ್ನೊಂದು ಕೊಟ್ಟಳು. ಸಂಜೆ ಟೈಲರ್ ಗಂಡ ಬಾಗಿಲು ತೆಗೆಯುತ್ತಾ, "ಈವತ್ತು ಬಂದಿರೋದು ಯಾರೇ? ಬೈದವಳೋ, ಬೈಸಿಕೊಂಡವಳೋ?" ಎನ್ನುತ್ತಿದ್ದ.

"ಇಬ್ಬರೂನೂ. ಕಾಫಿ ಮಾತ್ರ ಒಂದೇ ಲೋಟ ಸಾಕು."

ಕೊನೆಗೂ ಪದವಿ ಬಂತು. ಸಾಹೇಬರು ಎಲ್ಲರನ್ನೂ ಸೇರಿಸಿ ಪ್ರಕಟಿಸಿದರು: "ಮೇಲ್ವಿಚಾರಕಿಯಾದ ಪದವೀಧರೆಯು ಇನ್ನು ಮುಂದೆ ರೋಗಿಗಳನ್ನು ಮುಟ್ಟತಕ್ಕದ್ದಲ್ಲ, ಅದು ಹುದ್ದೆಯ ಘನತೆಗೆ ಕುಂದು. ಇದರಿಂದ ವಾರ್ಡಿನಲ್ಲಿ ತೆರವಾದ ನರ್ಸಿನ ಜಾಗಕ್ಕೆ, ಹೊಸಬರು ಸಿಗುವ ತನಕ, ಅನುಭವಸ್ಥರಾದ ಅವರನ್ನೇ ನೇಮಿಸಲಾಗಿದೆ." ಜೋರು ಚಪ್ಪಾಳೆ. ಸಿಸ್ಟರಕ್ಕನೂ ತಟ್ಟಿದಳು.

ಒಂದು ದಿನ ಕಿಟಕಿ ಪಕ್ಕದ ಹಾಸಿಗೆಯ ಅಜ್ಜ ನೋವಿನ ಮಾತ್ರೆ ಕೇಳಿದ.

"ಇರಿ ಅಜ್ಜಾ, ಮೇಲಿನವರ ಅಪ್ಪಣೆ ಬೇಕು."

ಆಕೆ ಏಪ್ರನ್ ಕಳಚಿ, ಗಂಡ ಹೊಲಿದುಕೊಟ್ಟ ಮೇಲ್ವಿಚಾರಕಿಯ ಕೋಟು ತೊಟ್ಟು, ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತಳು. ಪಾದ ಚಾಚಿದಳು. ಕಣ್ಣು ಮುಚ್ಚಿ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿದಳು. ಆಮೇಲೆ ಏಪ್ರನ್ ಕಟ್ಟಿಕೊಂಡು ಬಂದು ಮಾತ್ರೆ ಕೊಟ್ಟಳು.

"ನಿಮ್ಮ ಮೇಲಿನವರು ಒಳ್ಳೇವರು ಕಣಮ್ಮ. ಇಲ್ಲ ಅನ್ನಲಿಲ್ಲ."

"ಒಳ್ಳೇವರೇ. ಕೂತರೆ ಏಳೋಕೆ ಸ್ವಲ್ಪ ಸೋಮಾರಿ, ಅಷ್ಟೇ."

ಅಜ್ಜ ಆಕೆಯ ಪಾದಗಳನ್ನೊಮ್ಮೆ ನೋಡಿದ. "ಹಾಗಾದ್ರೆ ಇನ್ನೊಂದು ಸಲ ಕೇಳ್ಕೊಂಡು ಬನ್ನಿ. ಮಾತ್ರೆ ಜೊತೆ ನೀರು ಕುಡೀಬಹುದಾ ಅಂತ."

ಸಿಸ್ಟರಕ್ಕನ ಕೈ ಆಗಲೇ ಏಪ್ರನ್ನಿನ ಗಂಟಿನ ಮೇಲಿತ್ತು. ಅಂದಿನಿಂದ ಆ ವಾರ್ಡಿನಲ್ಲಿ ಮಗ್ಗುಲು ಬದಲಿಸಬೇಕಾದರೂ ರೋಗಿಗಳು ಮೇಲಿನವರ ಅಪ್ಪಣೆ ಕೇಳುವ ಪದ್ಧತಿ ಶಿಸ್ತಾಗಿ ನಡೆದುಕೊಂಡು ಬಂದಿದೆ.