ಲೇಸರ್ ಮಾಸ್ತರನ ತಪ್ಪಿದ ಗುರಿ

ಬಲ್ಲವನೆಂದು ಹೆಸರಾಗುವಷ್ಟು ಕಷ್ಟ ಇನ್ನೊಂದಿಲ್ಲ. ಊರವರು ಬಿಡುವುದಿಲ್ಲ, ಮನೆಯವರು ಕೇಳುವುದಿಲ್ಲ. ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಕಳೆದ ಭಾನುವಾರ ಅಲ್ಲಿ ಊರವರನ್ನು ಕೂರಿಸಿಕೊಂಡು, ಉಪಗ್ರಹಗಳು ಆಕಾಶದಲ್ಲಿ ಲೇಸರ್ ಬೆಳಕಿನಿಂದ ಹೇಗೆ ಮಾತಾಡಿಕೊಳ್ಳುತ್ತವೆ ಎಂದು ಒಂದು ಗಂಟೆ ಕೊರೆದೆ. ಎರಡೂ ಓಡುತ್ತಲೇ ಇರುತ್ತವೆ, ಬೆಳಕಿನ ಎಳೆಯೋ ಬಲು ಸಣ್ಣದು. ಹಾಗಾಗಿ ಎದುರಿನದು ಈಗ ಇರುವಲ್ಲಿಗಲ್ಲ, ಬೆಳಕು ಮುಟ್ಟುವ ಹೊತ್ತಿಗೆ ಎಲ್ಲಿರುತ್ತದೋ ಅಲ್ಲಿಗೆ ಗುರಿಯಿಡಬೇಕು ಎಂದಾಗ ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನವರಿಗೆ ಎಚ್ಚರವಾದದ್ದು ಆ ಸದ್ದಿಗೇ.

ಅದೇ ಹೊತ್ತಿಗೆ ಟಿಕೋಟಾದಲ್ಲಿ ನನ್ನ ಹೆಂಡತಿ ಶಾರದಾಳ ಅಣ್ಣನ ಹೊಸ ಮನೆಯ ವಾಸ್ತುಶಾಂತಿ ನಡೆದಿತ್ತು. ನಾನು ಮರೆತಿದ್ದೆ. ಅವರು ನನಗೆಂದು ಉಡುಗೊರೆಯಾಗಿ ಇಟ್ಟಿದ್ದ ಆಹೇರಿಯ ಬಟ್ಟೆಯನ್ನು ಅವಳು ತಂದು ನನ್ನ ಕುರ್ಚಿಯ ಮೇಲಿಟ್ಟು ಮಾತು ಬಿಟ್ಟಳು. ಬರುವ ಭಾನುವಾರ ಅದೇ ಮನೆಯಲ್ಲಿ ಬಸುರಿಯಾದ ಅವಳ ತಂಗಿಯ ಕುಬಸ, ಅಂದರೆ ಸೀಮಂತ. ಅಷ್ಟರೊಳಗೆ ರಾಜಿಯಾಗದಿದ್ದರೆ ಅವಳೊಬ್ಬಳೇ ಹೋಗುತ್ತಾಳೆ, ಬೀಗರಲ್ಲಿ ನನ್ನ ಮರ್ಯಾದೆ ಅಲ್ಲಿಗೆ ಮುಗಿಯುತ್ತದೆ.

ಗಂಡ ಹೆಂಡತಿ ಮಾತು ಬಿಟ್ಟರೆ ನಮ್ಮಲ್ಲಿ ಹಿರಿಯರ ಮೂಲಕ ವ್ಯವಹಾರ. ಇಬ್ರಾಹಿಂಪುರದ ನಮ್ಮ ಪುಟ್ಟ ಮನೆಯಲ್ಲಿ ಪಡಸಾಲೆಯ ಮಾತು ಅಡುಗೆಮನೆಗೆ ನೇರವಾಗಿ ಕೇಳಿಸುತ್ತದೆ. ಆದರೂ ಅವ್ವ ಎದ್ದು ಹೋಗಿ ನನ್ನ ಮಾತು ಮುಟ್ಟಿಸುತ್ತಿದ್ದಳು, ಜೊತೆಗೆ ನನ್ನ ಬಾಲ್ಯದ ಮರೆವುಗಳನ್ನೂ ಸೇರಿಸುತ್ತಿದ್ದಳು. ಮೂರನೆಯ ದಿನ ಅವಳೂ ಕೈಚೆಲ್ಲಿದಳು. “ಯಪ್ಪಾ, ನನ್ನ ಮೊಣಕಾಲು ಹಿಡದಾವ. ಇನ್ನ ನೀನ ಹೋಗಿ ಹೇಳು.”

ಶಾರದಾ ರೊಟ್ಟಿ ಬಡಿಯುತ್ತಿದ್ದಳು. ಟಿಕೋಟಾಕ್ಕೆ ಬರದೇ ಇದ್ದದ್ದು ತಪ್ಪಾಯಿತು ಎಂದೆ. ಅವಳು ಕೈ ನಿಲ್ಲಿಸಲಿಲ್ಲ.

“ಆ ಸಿಟ್ಟು ಮೊನ್ನೇನ ಹೋತ್ರಿ. ನನ್ನ ಮುಂದ ಬರೂದು ಬಿಟ್ಟು ಮೂರು ದಿನ ಅತ್ತಿಯವರನ್ನ ಓಡ್ಯಾಡಿಸಿದ್ರಲ್ಲ, ಈಗ ಅದಕ್ಕ ಸಿಟ್ಟು ಬಂದೈತಿ.”

ನಾನು ಗುರಿಯಿಟ್ಟ ಜಾಗವನ್ನು ಅವಳ ಸಿಟ್ಟು ಎರಡು ದಿನದ ಹಿಂದೆಯೇ ಬಿಟ್ಟಿತ್ತು. ಮಂದಿಗೆ ಹೇಳುವ ಶಾಸ್ತ್ರವನ್ನು ಮನೆಯಲ್ಲಿ ಮರೆತದ್ದಕ್ಕೆ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಶನಿವಾರ ಗುರಿ ತಿದ್ದಿಕೊಂಡೆ. ಮುಂದೆ ಆಗುವ ತಪ್ಪಿಗೂ ಈಗಲೇ ಕ್ಷಮೆ ಕೇಳುತ್ತೇನೆ ಎಂದು ಗಂಭೀರವಾಗಿ ಹೇಳಿದೆ.

ಅವಳು ಒಲೆ ಆರಿಸಿ ನನ್ನನ್ನೇ ನೋಡಿದಳು. “ಖರೇ ಹೇಳ್ರಿ. ನಾಳಿ ಎಲ್ಲಿ ಭಾಷಣ ಒಪ್ಪಿಕೊಂಡೀರಿ?”

ಜೈನಾಪುರದಲ್ಲಿ. ಬೆಳಿಗ್ಗೆ ಮುಗಿಸಿ ಊಟದ ಹೊತ್ತಿಗೆ ಟಿಕೋಟಾ ಮುಟ್ಟಿದರಾಯಿತು ಎಂದುಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ಅವಳೆದುರಿಗೇ ಜೈನಾಪುರದವರಿಗೆ ಫೋನು ಮಾಡಿ, ನಾಳೆ ನನಗೆ ಜ್ವರ ಬರುತ್ತದೆ ಎಂದು ತಿಳಿಸಿದೆ.