ಜೆಟ್ಟಿನ ಕಣ್ಣೊಳಗಿನ ಆಕಾಶ

ಸ್ಕೂಟರು ಕೆಮ್ಮಿ ಕೆಮ್ಮಿ ನಿಂತಾಗ ಪ್ರೂಫಿನವರು ಮೋಡ ನೋಡುತ್ತಿದ್ದರು. ಅಚ್ಚುಕೂಟದಲ್ಲಿ ಕೂತು ದಿನವಿಡೀ ಬೇರೆಯವರ ತಪ್ಪು ತಿದ್ದುವುದು ಅವರ ಕೆಲಸ. ಓಣಿಯವರೆಲ್ಲ ಅವರನ್ನು ಪ್ರೂಫಿನವರು ಎಂದು ಕರೆಯುತ್ತಿದ್ದುದೂ ಅದಕ್ಕೇ. ಮನೆಗೂ ಅಚ್ಚುಕೂಟಕ್ಕೂ ನಡುವಿನ ದಾರಿಯೊಂದೇ ಅವರ ಸ್ವಂತ ಆಸ್ತಿ. ಮನೆಯಲ್ಲಿ ಅವರು ಗಂಡ, ಕೆಲಸದಲ್ಲಿ ನೌಕರ, ಸ್ಕೂಟರಿನ ಮೇಲೆ ಮಾತ್ರ ಯಾರೂ ಅಲ್ಲ. ಗಾಳಿ ಅಂಗಿಯೊಳಗೆ ನುಗ್ಗಿದರೆ ಸಾಕು, ತಾವು ತೇಲುತ್ತಿದ್ದೇವೆ ಎಂದೇ ಅವರಿಗೆ ಅನಿಸುತ್ತಿತ್ತು.

ಸ್ಕೂಟರು ನಿಂತ ಮೇಲೆ ಬಸ್ಸೇ ಗತಿಯಾಯಿತು. ಬಸ್ಸೆಂದರೆ ರೇಡಿಯೊ ಮಾಮ. ಮಹಡಿ ಮನೆಯ ಈ ಮನುಷ್ಯನ ಕಚೇರಿ ಅಚ್ಚುಕೂಟದ ಪಕ್ಕದಲ್ಲೇ ಇತ್ತು. ಬಾಯಿ ತೆರೆದರೆ ಮುಚ್ಚುವ ಗುಂಡಿ ಇಲ್ಲವೆಂದು ಓಣಿಯ ಮಕ್ಕಳು ಇಟ್ಟ ಹೆಸರದು. ವಾರವಿಡೀ ಪಕ್ಕದ ಸೀಟಿನಲ್ಲಿ ಕೂತು ಅವರು ತಮ್ಮ ಷಡ್ಡಕನ ಮೂತ್ರಕೋಶದ ಕಲ್ಲಿನ ಕತೆ ಹೇಳಿದರು. ಕಲ್ಲು ಇನ್ನೂ ಹೊರಗೆ ಬಂದಿರಲಿಲ್ಲ. ಸೋಮವಾರವೂ ಅದನ್ನೇ ಕೇಳಬೇಕಾದರೆ ತಮಗೆ ಹುಚ್ಚು ಹಿಡಿಯುವುದು ಖಂಡಿತ ಎಂದು ಪ್ರೂಫಿನವರು ಭಾನುವಾರ ಬೆಳಿಗ್ಗೆ ಪಾನಾ ಹಿಡಿದು ಅಂಗಳಕ್ಕಿಳಿದರು.

"ಗ್ಯಾರೇಜಿಗೆ ಕೊಟ್ಟು ಬನ್ನಿ ಅಂದ್ರೆ ಕೇಳಲ್ವಲ್ಲ ನೀವು," ಎಂದರು ಹೆಂಡತಿ.

"ಅಲ್ಲಿ ಕೊಟ್ರೆ ಇವತ್ತು ನಾಳೆ ಅಂತ ವಾರಗಟ್ಟಲೆ ಇಟ್ಕೋತಾರೆ ಕಣೇ. ನಂಗೆ ನಾಳೆ ಬೆಳಿಗ್ಗೇನೇ ಬೇಕು. ಕಾರ್ಬುರೇಟರ್ ಬಿಚ್ಚೋದು, ತೊಳೆಯೋದು, ಹಾಕೋದು. ಅಷ್ಟೇ."

"ಮಿಕ್ಸಿ ಬಿಚ್ಚಿದಾಗ್ಲೂ ಅಷ್ಟೇ ಅಂದಿದ್ರಿ."

ಪ್ರೂಫಿನವರು ಪೆಟ್ರೋಲು ಬಂದ್ ಮಾಡಿ, ಮುಷ್ಟಿಗಾತ್ರದ ಕಾರ್ಬುರೇಟರನ್ನು ಬಿಚ್ಚಿ, ಒಂದೊಂದೇ ಭಾಗವನ್ನು ಹಳೆಯ ಕರಡು ಹಾಳೆಯ ಮೇಲೆ ವಾಕ್ಯದಲ್ಲಿ ಪದಗಳನ್ನಿಟ್ಟಂತೆ ಸಾಲಾಗಿಟ್ಟರು. ಕೊನೆಗೆ ಜೆಟ್ಟು ಕೈಗೆ ಬಂತು. ಜೋಳದ ಕಾಳಿನಷ್ಟು ಹಿತ್ತಾಳೆ, ಅದರ ನಡುವೆ ಕೂದಲು ತೂರುವಷ್ಟು ಸಣ್ಣ ತೂತು. ಎಂಜಿನ್ನಿಗೆ ಪೆಟ್ರೋಲು ಹೋಗುವುದು ಆ ತೂತಿನಿಂದಲೇ. ಕಣ್ಣಿಗೆ ಹಿಡಿದು ನೋಡಿದರು: ಕತ್ತಲು. ಕಸ ಕಟ್ಟಿಕೊಂಡಿತ್ತು. ಇಷ್ಟು ಸಣ್ಣ ಕತ್ತಲೆ ಇಷ್ಟು ದೊಡ್ಡ ಗಾಡಿಯನ್ನು ನಿಲ್ಲಿಸಿತಲ್ಲ ಎಂದು ಯೋಚಿಸುತ್ತ ಅವರು ಅಲ್ಲೇ ಮೈಮರೆತರು.

"ಸೂಜಿ ಕೊಡ್ಲಾ ಅಣ್ಣಾ?" ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯ ಟೈಲರಮ್ಮ ಕೇಳಿದರು. ಕೊಟ್ಟೂಬಿಟ್ಟರು. ಪ್ರೂಫಿನವರು ಚುಚ್ಚಿದರು, ತಿರುಗಿಸಿದರು. ಟಿಕ್ ಎಂದಿತು. ಸೂಜಿಯ ತುದಿ ಮುರಿದು ತೂತಿನೊಳಗೇ ಉಳಿಯಿತು.

"ಅಯ್ಯೋ, ಅದರಲ್ಲಿ ದಪ್ಪ ಗೋಣಿತಾಟೇ ಹೊಲ್ದಿದೀನಿ, ಮುರಿದಿರ್ಲಿಲ್ಲ," ಎಂದರು ಟೈಲರಮ್ಮ.

"ನಮ್ಮನೆಯವರ ಕೈಗುಣ," ಎಂದು ಹೆಂಡತಿ ಸಮಾಧಾನ ಹೇಳಿದರು. ಅಷ್ಟಕ್ಕೇ ಬಿಡದೆ, ಬಿಸಿ ಸೋಪಿನ ನೀರಿಗೆ ಯಾವ ಕೊಳೆಯೂ ಬಗ್ಗುತ್ತದೆಂದು ಜೆಟ್ಟನ್ನು ಬಟ್ಟಲಲ್ಲಿ ಹಾಕಿ ಕುಲುಕಿದರು. ಗುಳ್ಳೆಗಳೆದ್ದವು. ಒಂದೊಂದು ಗುಳ್ಳೆಯಲ್ಲೂ ಅಂಗಳ, ಪೇರಲ ಗಿಡ, ಬಿಚ್ಚಿಟ್ಟ ಸ್ಕೂಟರು ತಲೆಕೆಳಗಾಗಿ ತೇಲಿದವು. ಪ್ರೂಫಿನವರು ಅದನ್ನು ನೋಡುತ್ತ ನಿಂತಿದ್ದಾಗ ಹೆಂಡತಿ ರೂಢಿಯಂತೆ ನೀರನ್ನು ಮೋರಿಗೆ ಚೆಲ್ಲಿದರು.

ಮರುಗಳಿಗೆ ಮೂವರೂ ಮೋರಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಟೈಲರಮ್ಮ ಚಹಾ ಸೋಸುವ ಜರಡಿಯಲ್ಲಿ ಕೆಸರು ಸೋಸುತ್ತಿದ್ದರು. ಪ್ರೂಫಿನವರಿಗೆ ನಿಜಕ್ಕೂ ಅಳು ಬಂತು. ನಾಳೆ ಮತ್ತೆ ಬಸ್ಸು, ಮತ್ತೆ ಷಡ್ಡಕ, ಮತ್ತೆ ಕಲ್ಲು.

"ಏನ್ರೀ ಹುಡುಕ್ತಿದೀರಿ? ಉಂಗುರಾನಾ?" ಎನ್ನುತ್ತ ರೇಡಿಯೊ ಮಾಮ ಮೆಟ್ಟಿಲಿಳಿದು ಬಂದರು. "ನಮ್ಮ ಷಡ್ಡಕನ ಉಂಗುರಾನೂ ಹಿಂಗೇ ಆಗಿತ್ತು..." ಎನ್ನುವಷ್ಟರಲ್ಲಿ ಮೋರಿಯ ಅಂಚಿನಲ್ಲೇ ಅವರ ಚಪ್ಪಲಿಗೆ ಏನೋ ಚುಚ್ಚಿತು. ಎತ್ತಿ ನೋಡಿದರೆ ಜೆಟ್ಟು. ವಿಷಯ ತಿಳಿದ ಮೇಲೆ ಅವರು, "ಇಷ್ಟೇನಾ? ತೊಳೆದು ಕೊಡ್ರಮ್ಮ, ಊದ್ತೀನಿ," ಎಂದರು.

ನಲ್ಲಿಯಲ್ಲಿ ತೊಳೆದ ಜೆಟ್ಟನ್ನು ತುಟಿಗಳ ನಡುವೆ ಕಚ್ಚಿಕೊಂಡು ರೇಡಿಯೊ ಮಾಮ ಕೆನ್ನೆ ಉಬ್ಬಿಸಿದರು. ಆಗ ಯಾರೂ ನಿರೀಕ್ಷಿಸದ ಸಂಗತಿ ನಡೆಯಿತು. ಓಣಿಯಲ್ಲಿ ಮೌನ ಇಳಿಯಿತು. ಪೇರಲ ಗಿಡದಲ್ಲೊಂದು ಹಕ್ಕಿಯಿದ್ದುದು ಪ್ರೂಫಿನವರಿಗೆ ಅವತ್ತೇ ಗೊತ್ತಾದದ್ದು. ಎಲೆಗಳ ನೆರಳು ಗೋಡೆಯ ಮೇಲೆ ಸದ್ದಿಲ್ಲದೆ ಆಡುತ್ತಿತ್ತು. ಈ ಜೆಟ್ಟು ಆ ಬಾಯಲ್ಲೇ ಇದ್ದುಬಿಟ್ಟರೆ ಗಾಡಿ ಯಾಕೆ, ಬಸ್ಸೇ ಸಾಕಲ್ಲ ಎಂದು ಅವರಿಗೆ ಆಸೆಯಾಯಿತು.

ಆದರೆ ಷಡ್ಡಕನ ಕತೆಯನ್ನು ಉಸಿರು ತೆಗೆದುಕೊಳ್ಳದೆ ಹೇಳಬಲ್ಲ ಶ್ವಾಸಕೋಶ ಅದು. ಫುಸ್ ಎಂದಿತು. ಸೂಜಿಯ ತುದಿ, ಅದರ ಹಿಂದೆ ಕಸ, ಎರಡೂ ಹಾರಿ ಹೋದವು. ಪ್ರೂಫಿನವರು ಜೆಟ್ಟನ್ನು ಮತ್ತೆ ಕಣ್ಣಿಗೆ ಹಿಡಿದರು. ಕಾಣಿಸಿತು, ಸಾಸಿವೆಯಷ್ಟು ನೀಲಿ ಆಕಾಶ.

ಎಲ್ಲ ಜೋಡಿಸುವಷ್ಟರಲ್ಲಿ ಸಂಜೆಯಾಯಿತು. ಒಂದೇ ಒದೆತಕ್ಕೆ ಗಾಡಿ ಗುಡುಗಿತು. ಟೈಲರಮ್ಮ ಚಪ್ಪಾಳೆ ತಟ್ಟಿದರು. ಪ್ರೂಫಿನವರು ಯಾರಿಗೂ ಹೇಳದೆ ಕೇಳದೆ ಓಣಿ ದಾಟಿ, ಕೆರೆಯ ಏರಿ ಹಿಡಿದು, ಸಂಜೆಬಿಸಿಲಿನಲ್ಲಿ ತೇಲಿದರು. ನೀರೂ ಆಕಾಶವೂ ಒಂದೇ ಬಣ್ಣವಾಗಿದ್ದವು. ಹೆಸರು, ವಯಸ್ಸು, ಕಾಗುಣಿತ ಎಲ್ಲ ಮರೆತುಹೋಯಿತು. ನಾಳೆಯಿಂದ ದಿನಾ ಹೀಗೇ ಎಂದು ಅವರು ಗಟ್ಟಿಯಾಗಿ ಹೇಳಿಕೊಂಡು ನಕ್ಕರು.

ಮನೆಗೆ ಬಂದಾಗ ರೇಡಿಯೊ ಮಾಮ ಗೇಟಿನಲ್ಲೇ ನಿಂತಿದ್ದರು. ಅಟ್ಟದಿಂದ ಇಳಿಸಿದ ಹೆಲ್ಮೆಟ್ಟೊಂದು ಅವರ ಕಂಕುಳಲ್ಲಿತ್ತು.

"ನಾಳೆಯಿಂದ ಅವರೂ ನಿಮ್ಮ ಹಿಂದೇನೇ ಬರ್ತಾರಂತೆ," ಎಂದರು ಹೆಂಡತಿ. "ನಾನೇ ಹೂಂ ಅಂದೆ. ಅಷ್ಟು ಕಷ್ಟಪಟ್ಟು ಊದಿ ಕೊಟ್ರಲ್ಲ, ಪಾಪ."

"ಬಸ್ಸಲ್ಲಿ ಗದ್ದಲ ಕಣ್ರೀ," ಎಂದರು ರೇಡಿಯೊ ಮಾಮ. "ನಾ ಹೇಳೋದು ನಿಮಗೆ ಅರ್ಧ ಕೇಳಿಸ್ತಾನೇ ಇರ್ಲಿಲ್ಲ ಅನ್ಸುತ್ತೆ. ಇಲ್ಲಾದ್ರೆ ನೇರ ಕಿವೀಲೇ ಹೇಳ್ಬೋದು."

ಊದೋದು ಕೊಟ್ಟು ಬಾರಿಸೋದು ತಗೊಂಡಂತಾಯಿತು.

"ಹಳೇ ಗಾಡಿ, ಮತ್ತೆಲ್ಲಾದ್ರೂ ಕಸ ಕಟ್ಕೊಂಡು ನಡುದಾರೀಲಿ ನಿಂತ್ರೆ ನಿಮಗೆ ತೊಂದ್ರೆ ಆಗುತ್ತೇನೋ," ಎಂದರು ಪ್ರೂಫಿನವರು ಮೆಲ್ಲಗೆ.

"ಅದಕ್ಕೇ ಅಲ್ವೇನ್ರೀ ನಾನು ಹಿಂದೆ ಇರ್ಬೇಕಾದ್ದು?" ಎಂದು ರೇಡಿಯೊ ಮಾಮ ಅವರ ಭುಜ ತಟ್ಟಿದರು. "ನೀವು ಬಿಚ್ಚಿ ಕೊಡಿ ಸಾಕು, ಊದೋಕೆ ನಾನಿದೀನಿ."