ಅಂಜನಪ್ಪನ ಬಾಯಿಯ ಮೇಲೆ ಹಕ್ಕು ಸಾಧಿಸಿದ ಯಂತ್ರಕ್ಕೆ

ಮಧುಗಿರಿ

ಮಾನ್ಯ ಯಂತ್ರ ಮಹಾಶಯರೇ,

ಊರು ಕೇರಿಗಳ ಗೊಡವೆಯಿಲ್ಲದೆ, ಹಸಿವು ನಿದ್ರೆಗಳ ಹಂಗಿಲ್ಲದೆ, ಲೋಕದವರೆಲ್ಲ ಹಾಕುವ ವಿಡಿಯೋಗಳನ್ನು ಹಗಲಿರುಳೆನ್ನದೆ ಆಲಿಸಿ, ಯಾವ ಸದ್ದು ಯಾರ ಸ್ವತ್ತು ಎಂದು ಕ್ಷಣಮಾತ್ರದಲ್ಲಿ ತೀರ್ಪು ಕೊಡುವ ತಮ್ಮ ದಿವ್ಯ ಸನ್ನಿಧಾನಕ್ಕೆ, ಮಧುಗಿರಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಕೊಂಡು ಬದುಕಿರುವ ರೇಣುಕಪ್ರಸಾದ್ ಎಂಬ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಕರೆಂಟು ಇರುವವರೆಗೆ ತಮ್ಮ ಕ್ಷೇಮಕ್ಕೂ ಕೊರತೆ ಬಾರದೆಂದು ನಂಬಿದ್ದೇನೆ. ಇಷ್ಟು ವರ್ಷ ಪರರ ಮದುವೆಗಳಿಗೆ 'ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ' ಎಂದು ಅಚ್ಚು ಹಾಕಿ ಹಾಕಿ ನನಗೆ ಬೇರೆ ಧಾಟಿಯಲ್ಲಿ ಬರೆಯಲು ಬಾರದು. ಆದ್ದರಿಂದ ಈ ಪತ್ರದಲ್ಲಿ ವಿನಯ ಅತಿಯಾಯಿತೆನಿಸಿದರೆ ಅದನ್ನು ಕಸುಬಿನ ದೋಷವೆಂದು ಮನ್ನಿಸಬೇಕು.

'ಜೋಡಿ ಟೆಂಟು' ಎಂಬ ನಮ್ಮ ಬಡ ಚಾನೆಲ್ಲನ್ನು ತಾವು ಈಗಾಗಲೇ ಎರಡು ಸಲ ದಂಡಿಸಿರುವುದರಿಂದ ನಮ್ಮ ಪರಿಚಯ ತಮಗಿದ್ದೇ ಇರುತ್ತದೆ. ಆದರೂ ಈ ಪತ್ರ ಬಹಿರಂಗ ಪತ್ರವಾದ್ದರಿಂದ ಉಳಿದವರಿಗಾಗಿ ಹೇಳುತ್ತೇನೆ. ಪ್ರತಿ ಭಾನುವಾರ ಮಧ್ಯಾಹ್ನ ಪುರವರದ ಆಚೆ, ಅಂಜನಪ್ಪನ ಕುರಿಹಟ್ಟಿಯಲ್ಲಿ ಕೂತು, ಯಾರೂ ನೆನಪಿಟ್ಟುಕೊಳ್ಳದ ಎರಡು ಹಳೆಯ ಹೊಡೆದಾಟದ ಚಿತ್ರಗಳನ್ನು, ಇಲ್ಲವೇ ಕಳ್ಳ ಪೊಲೀಸರ ಚಿತ್ರಗಳನ್ನು ಜೋಡಿಯಾಗಿ ವಿಮರ್ಶೆ ಮಾಡುವುದು ನಮ್ಮ ಕೆಲಸ. ಕತೆ ಹೇಳಿ ತಪ್ಪು ಹುಡುಕುವುದು ನಾನು. ಚಿತ್ರಗಳನ್ನು ಎಲ್ಲೆಲ್ಲಿಂದಲೋ ಪತ್ತೆ ಹಚ್ಚಿ, ಮೊಬೈಲಿನಲ್ಲಿ ನಮ್ಮನ್ನು ಹಿಡಿದು, ತಮ್ಮ ಸನ್ನಿಧಿಗೆ ಒಪ್ಪಿಸುವುದು ಕಂಪ್ಯೂಟರ್ ಸೆಂಟರ್ ನಡೆಸುವ ನಮ್ಮ ಲೋಹಿತಾ. ಇನ್ನು ಚಿತ್ರದ ತುಣುಕು ತೋರಿಸಿದರೆ ತಾವು ಮುನಿಯುತ್ತೀರೆಂದು ಹೆದರಿ, ಏಟು, ಗುಂಡು, ಜೀಪಿನ ಬ್ರೇಕು, ಗಾಜು ಒಡೆಯುವುದು, ಖಳನಾಯಕನ ನಗು ಎಲ್ಲವನ್ನೂ ಬಾಯಲ್ಲೇ ಮಾಡುವುದು ಅಂಜನಪ್ಪ. ಅವನ ಬಳಿ ಸಲಕರಣೆಗಳೆಂದರೆ ಒಂದು ಕರಿ ಕಂಬಳಿ ಮತ್ತು ಒಂದು ದೊಣ್ಣೆ. ಕಂಬಳಿಯ ಮೇಲೆ ದೊಣ್ಣೆ ಬಿದ್ದು ಅವನ ಬಾಯಿಂದ 'ಢಿಶುಂ' ಹೊರಟರೆ ನೋಡುವವರು ದವಡೆ ಮುಟ್ಟಿಕೊಳ್ಳುತ್ತಾರೆ.

ಈ ಜೋಡಿಯ ಗುಟ್ಟನ್ನೂ ಅರಿಕೆ ಮಾಡಿಕೊಳ್ಳಬೇಕು. ಅಂಜನಪ್ಪ ಪ್ರಾಯದಲ್ಲಿದ್ದಾಗ ರೈತರ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿಯಿಡೀ ಕುರಿಮಂದೆ ತರುಬುತ್ತಿದ್ದ. ತೋಳದ ಕಾಟವಿದ್ದುದರಿಂದ ಮಂದೆ ಬಿಟ್ಟು ಅಲ್ಲಾಡುವಂತಿರಲಿಲ್ಲ. ಹೊಲದ ಈಚೆಗೆ ಕನ್ನಡ ಚಿತ್ರಗಳ ಟೆಂಟು, ಆಚೆಗೆ ಗಡಿ ದಾಟಿದರೆ ತೆಲುಗು ಚಿತ್ರಗಳ ಟೆಂಟು. ಮೊದಲ ಆಟ ಶುರುವಾದರೆ ಸಾಕು, ಗಾಳಿ ಹೊತ್ತು ತಂದಷ್ಟು ಸಿನಿಮಾ ಅವನ ಪಾಲಿಗೆ. ಗಾಳಿ ತಿರುಗಿದರೆ ಸಿನಿಮಾನೂ ತಿರುಗುತ್ತಿತ್ತು. ಅದು ಅವನಿಗೆ ಗೊತ್ತಾಗುತ್ತಿರಲಿಲ್ಲ. ತಾಯಿ ಕನ್ನಡದಲ್ಲಿ ಅತ್ತರೆ ಮಗ ತೆಲುಗಿನಲ್ಲಿ ಸಮಾಧಾನ ಮಾಡುವುದು ಪಾವಗಡದ ದಿಕ್ಕಿನ ಯಾವ ಮನೆಯಲ್ಲೂ ನಡೆಯುವ ಸಂಗತಿಯಾದ್ದರಿಂದ ಅನುಮಾನ ಬರಲು ಕಾರಣವೂ ಇರಲಿಲ್ಲ. ಹೀಗಾಗಿ 'ಗೋದಾಮು ನಂಬರ್ ಹದಿನೇಳು' ಎಂಬ ಕನ್ನಡ ಚಿತ್ರವನ್ನೂ 'ಎರ್ರ ಲಾರಿ' (ಕೆಂಪು ಲಾರಿ) ಎಂಬ ತೆಲುಗು ಚಿತ್ರವನ್ನೂ ಆತ ಒಂದೇ ಚಿತ್ರವೆಂದು ಬಹುಕಾಲ ನಂಬಿದ್ದ, ನಂಬಿದ್ದಷ್ಟೇ ಅಲ್ಲ, ಅಂಥ ಚಿತ್ರ ಲೋಕದಲ್ಲಿ ಇನ್ನೊಂದಿಲ್ಲವೆಂದು ಎಲ್ಲರಿಗೂ ಸಾರುತ್ತಿದ್ದ.

ನಮ್ಮ ತಂದೆಯವರು ಆ ಕನ್ನಡ ಟೆಂಟಿನ ಕರಪತ್ರ ಅಚ್ಚು ಹಾಕುತ್ತಿದ್ದುದರಿಂದ ಒಳಗೆ ಬಿಟ್ಟಿಯಾಗಿ ಕೂರುವ ಯೋಗ ನನಗಿತ್ತು. ಅಂಥ ಚಿತ್ರವೇ ಇಲ್ಲ, ಅವು ಬೇರೆ ಬೇರೆ ಎಂದು ನಾನು ಹೇಳಿದಾಗ ಅಂಜನಪ್ಪ ಬಹಳ ಹೊತ್ತು ಯೋಚಿಸಿ, "ಅಂಗಾರೆ ಇನ್ಸ್‌ಪೆಟ್ರಿಗೆ ಆಂಧ್ರಕ್ಕೆ ಟ್ರಾನ್ಸ್‌ಫರ್ ಆಗಿರ್ಲಿಲ್ವಾ? ನಾನು ಅಂಗೇ ಅನ್ಕೊಂಡ್ಬುಟ್ಟಿದ್ದೆ ಕಣಣ್ಣ" ಎಂದ. ಅವತ್ತೇ ನಾವು ಮೂವರೂ ತೀರ್ಮಾನಿಸಿದ್ದು, ಗಾಳಿ ಜೋಡಿಸಿದ ಚಿತ್ರಗಳನ್ನು ಜೋಡಿಯಾಗಿಯೇ ವಿಮರ್ಶಿಸಬೇಕೆಂದು. ಆ ಮೊದಲ ಜೋಡಿಯ ವಿಡಿಯೋ ಹೋದ ವರ್ಷದ ದಸರೆಯ ಹೊತ್ತಿಗೆ ತಮ್ಮ ಪಾದ ಸೇರಿತು. ಕಳ್ಳಸಾಗಣೆಯ ವಜ್ರಗಳು ಪೆಪ್ಪರಮೆಂಟಿನಂತೆ ಕಾಣುತ್ತವೆ, ಖಳನಾಯಕ ಪಿಸ್ತೂಲಿಗಿಂತ ಬಾಚಣಿಗೆಯನ್ನೇ ಹೆಚ್ಚು ಸಲ ಹೊರತೆಗೆಯುತ್ತಾನೆ, ಎರ್ರ ಲಾರಿ ಪ್ರಪಾತಕ್ಕೆ ಬಿದ್ದ ಮೇಲೂ ಮುಂದಿನ ದೃಶ್ಯದಲ್ಲಿ ತೊಳೆದಿಟ್ಟಂತೆ ನಿಂತಿರುತ್ತದೆ ಎಂದೆಲ್ಲ ನಾನು ಹೇಳಿದ್ದು ಯಾರಿಗೂ ನೆನಪಿಲ್ಲ. ಗೋದಾಮಿನ ಕೊನೆಯ ಹೊಡೆದಾಟವನ್ನು ಅಂಜನಪ್ಪ ಮಾಡಿದ್ದು ಮಾತ್ರ ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯ ಬಸ್‌ಸ್ಟಾಪಿನಲ್ಲೂ ಮೊಬೈಲಿಂದ ಮೊಬೈಲಿಗೆ ಹೋಯಿತು. ಶಿರಾದಿಂದ ಒಬ್ಬರು "ಉಸ್ತಾದ್, ಕಮಾಲ್" ಎಂದು ಬರೆದರು. ನನಗೆ ಕೊಂಚ ಹೊಟ್ಟೆ ಉರಿಯಿತೆಂಬುದನ್ನು ತಮ್ಮಲ್ಲಿ ಏಕೆ ಮುಚ್ಚಿಡಲಿ.

ಆಮೇಲೆ ಯುಗಾದಿ ಕಳೆದ ವಾರ ತಮ್ಮ ಕೃಪಾಪತ್ರ ಬಂತು. ಸದರಿ ವಿಡಿಯೋದಲ್ಲಿ ಕೇಳಿಬರುವ ಹೊಡೆದಾಟದ ಧ್ವನಿಯು ಒಂದು ಚಿತ್ರಸಂಸ್ಥೆಯ ಸ್ವತ್ತೆಂದೂ, ಆದ್ದರಿಂದ ವಿಡಿಯೋವನ್ನು ತೆಗೆದುಹಾಕಲಾಗಿದೆಯೆಂದೂ ತಾವು ತಿಳಿಸಿದಿರಿ. ದೊಡ್ಡವರಿಗೂ ಕಣ್ತಪ್ಪುತ್ತದೆ, ತಮಗೆ ಕಿವಿ ತಪ್ಪಿರಬೇಕೆಂದುಕೊಂಡು ನಾವು ಅದನ್ನೇ ಮತ್ತೆ ಹಾಕಿದೆವು. ತಾವು ಅದನ್ನೂ ತೆಗೆದು, ಇನ್ನೊಮ್ಮೆ ಹೀಗಾದರೆ ಚಾನೆಲ್ಲನ್ನೇ ಬುಡಸಮೇತ ಅಳಿಸುವುದಾಗಿ ಎಚ್ಚರಿಸಿದಿರಿ. ಅದು ಮನುಷ್ಯನೊಬ್ಬನ ಬಾಯಿಯ ಸದ್ದೆಂದು ಲೋಹಿತಾ ವಿವರವಾಗಿ ಆಕ್ಷೇಪಣೆ ಬರೆದು ಕಳಿಸಿದಳು. ಕಳಿಸಿದ ಬೆರಳು ಇನ್ನೂ ಗುಂಡಿಯ ಮೇಲಿರುವಾಗಲೇ 'ಕೂಲಂಕಷವಾಗಿ ಪರಿಶೀಲಿಸಿ ತಿರಸ್ಕರಿಸಲಾಗಿದೆ' ಎಂಬ ಉತ್ತರ ಬಂತು. ಪಹಣಿ ತಿದ್ದುಪಡಿಗೆ ಅರ್ಜಿ ಕೊಟ್ಟು ಚಪ್ಪಲಿ ಸವೆಸಿದ ನಮಗೆ ತಮ್ಮ ಈ ಚುರುಕುತನ ಕಂಡು ಕಣ್ಣು ತುಂಬಿ ಬಂದವು. ಓದದೆಯೇ ಪರಿಶೀಲಿಸುವ ಕಲೆಯನ್ನು ತಾವು ಎಲ್ಲಿ ಕಲಿತಿರೋ!

ತಮ್ಮ ತೀರ್ಪಿನಲ್ಲಿ ಅಡಗಿರುವ ಪ್ರಶಂಸೆ ನಮಗೆ ತಿಳಿಯದೆ ಹೋಗಿಲ್ಲ. ಸಾಕ್ಷಾತ್ ತಮ್ಮಂಥವರ ಕಿವಿಯೇ ಮೋಸಹೋಗುವಂತೆ ಸದ್ದು ಮಾಡಿದನೆಂದರೆ ಅಂಜನಪ್ಪನಿಗೆ ಅದಕ್ಕಿಂತ ದೊಡ್ಡ ಸನ್ಮಾನ ಯಾವುದು? ಶಾಲು, ಹಾರ, ಹಣ್ಣಿನ ಬುಟ್ಟಿ ಯಾವುದೂ ಇದಕ್ಕೆ ಸಮವಲ್ಲ. ಆದರೆ ಆತ ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ. ಲೋಹಿತಾ ನೋಟಿಸನ್ನು ಪ್ರಿಂಟು ತೆಗೆದು ಹಟ್ಟಿಯಲ್ಲಿ ಓದಿ ಹೇಳಿದಾಗ ಕಂಬಳಿ ಮಡಿಸಿಟ್ಟು, "ಅಂಗಾರೆ ನನ್ ಬಾಯಿ ಯಾರ್ದಣ್ಣ?" ಎಂದು ನನ್ನನ್ನು ಕೇಳಿದ. ಅಂದಿನಿಂದ ಆತ ಸದ್ದು ಮಾಡುವುದನ್ನು ನಿಲ್ಲಿಸಿಬಿಟ್ಟ. ಸಿನಿಮಾದ ಸದ್ದನ್ನಷ್ಟೇ ಅಲ್ಲ, ಸಂಜೆ ಕುರಿಗಳನ್ನು ಕರೆಯುವ ಸದ್ದನ್ನೂ ನಿಲ್ಲಿಸಿದ. ಅದೂ ಯಾವುದಾದರೂ ಸಂಸ್ಥೆಯ ಸ್ವತ್ತಾಗಿದ್ದರೆ ಮನೆಯವರಿಗೆಲ್ಲ ತೊಂದರೆಯಾದೀತೆಂಬ ಭಯ. ಕರೆಯುವವರಿಲ್ಲದ ಮಂದೆ ನೆಟ್ಟಗೆ ಪಕ್ಕದ ಹೊಲಕ್ಕೆ ನುಗ್ಗಿತು. ಹೊಲದ ಕೆಂಪಯ್ಯನವರು ಮಧುಗಿರಿಯವರೆಗೆ ಬಸ್ಸು ಹತ್ತಿ ಬಂದು ನನ್ನ ಅಂಗಡಿಯ ಮುಂದೆ ನಿಂತು, "ಪ್ರಸಾದಪ್ಪ, ನಿಮ್ ಸ್ನೇಹಿತಂಗೆ ಬಾಯಿ ಬಿದ್ದೋಗೈತಾ? ಕುರಿಗಳೆಲ್ಲಾ ನನ್ ಕಡ್ಲೆಕಾಯಿ ಹೊಲದಾಗೆ ಮದ್ವೆ ಊಟ ಮಾಡ್ತಾ ಕುಂತವೆ" ಎಂದು, ಮದುವೆಗೆ ಪತ್ರಿಕೆ ಮಾಡಿಸಲು ಬಂದಿದ್ದ ಗಿರಾಕಿಗಳೆದುರು ಮಾನ ಕಳೆದರು.

ಈ ಹಂತದಲ್ಲಿ ತಮ್ಮಲ್ಲಿ ನಮ್ಮ ಬೇಡಿಕೆಗಳು ಸರಳವಾಗಿದ್ದವು. ಅಂಜನಪ್ಪನ ಬಾಯಿಯ ಯಾವ ಭಾಗ ಸದರಿ ಸಂಸ್ಥೆಗೆ ಸೇರಿದ್ದು ಎಂಬುದನ್ನು ಗುರುತು ಹಾಕಿ ತಿಳಿಸಬೇಕು: ನಾಲಗೆಯೋ, ಕೆಳದುಟಿಯೋ, ಅಥವಾ ಮುಂದಿನ ಹಲ್ಲು ಬಿದ್ದ ಸಂದಿಯೋ. ಅಷ್ಟನ್ನು ಕಳಚಿ ಪಾರ್ಸೆಲ್ ಮಾಡುತ್ತೇವೆ, ಉಳಿದದ್ದರಲ್ಲಿ ಆತ ಹೇಗೋ ಮುದ್ದೆ ನುಂಗಿಕೊಂಡಿರುತ್ತಾನೆ. ಅದಾಗದಿದ್ದರೆ ತಾವೇ ಪ್ರತಿ ಸಂಜೆ ಪುರವರಕ್ಕೆ ದಯಮಾಡಿಸಿ ಕುರಿಗಳನ್ನು ಹಟ್ಟಿಗೆ ಕರೆಯಬೇಕು. ದೊಡ್ಡೇರಿಯ ಕಡೆಯ ಬಸ್ಸು ಹತ್ತಬೇಡಿ, ಸುತ್ತಾಗುತ್ತದೆ.

ಆದರೆ ಹೋದ ಬುಧವಾರದ ನಂತರ ಈ ಬೇಡಿಕೆಗಳನ್ನು ನಾವು ವಾಪಸು ಪಡೆದಿದ್ದೇವೆ. ಕಾರಣ ಕೇಳುವ ತಾಳ್ಮೆ ತಮಗಿರಲಿ.

ಸದರಿ ಸಂಸ್ಥೆಯವರು 'ಗೋದಾಮು ನಂಬರ್ ಹದಿನೇಳು' ಚಿತ್ರವನ್ನು ಈ ಯುಗಾದಿಗೆ ಹೊಸದಾಗಿ ಉಜ್ಜಿ ತೊಳೆದು ಬಿಡುಗಡೆ ಮಾಡಿದ್ದಾರೆಂದು ಲೋಹಿತಾ ಕಂಡುಹಿಡಿದಳು. "ಅಣ್ಣ, ಒಂದ್ಸಲ ನೋಡೇ ಬಿಡಣ, ಅವರ ಸದ್ದು ಹೆಂಗೈತೆ ಅಂತ" ಎಂದು ಅಂಜನಪ್ಪನನ್ನು ಒಪ್ಪಿಸಿ, ನಾಲ್ಕು ಮಾತಿಗೂ ತಲೆ ಎತ್ತದವನನ್ನು ನನ್ನ ಅಂಗಡಿಗೆ ಕರೆತಂದು ಕಂಪ್ಯೂಟರಿನ ಮುಂದೆ ಕೂರಿಸಿದಳು. ಸ್ವಾಮಿ, ದಸರೆಯಲ್ಲಿ ಕಿವಿಯ ನೆನಪಿನಿಂದಲೇ ಸದ್ದು ಮಾಡಿದ್ದ ಆತ ಆ ಚಿತ್ರವನ್ನು ಕಣ್ಣಿಂದ ನೋಡಿದ್ದು ಅದೇ ಮೊದಲು. ಇನ್ಸ್‌ಪೆಕ್ಟರ್ ತೆರೆಯ ಮೇಲೆ ಬಂದೊಡನೆ, ವಾರದಿಂದ ಬಾಯಿ ಬಿಡದವನು, "ಥೂ, ಇಂಥಾ ಕುಳ್ಳ ಹೀರೋನ ಏಟಿಗಾ ನಾನು ಅಷ್ಟು ಜೋರಾಗಿ ಸದ್ದು ಮಾಡಿದ್ದು!" ಎಂದುಬಿಟ್ಟ. ಚಿತ್ರದ ಉದ್ದಕ್ಕೂ ಸದ್ದು ತೂತು ಬಿದ್ದ ತಗಡಿನ ಮೇಲೆ ಮಳೆ ಬಿದ್ದಂತೆ ಕೇಳುತ್ತಿತ್ತು. ಕೊನೆಯ ಗೋದಾಮಿನ ಹೊಡೆದಾಟ ಶುರುವಾದದ್ದೇ ತಡ, ಸದ್ದು ಇದ್ದಕ್ಕಿದ್ದಂತೆ ಸ್ವಚ್ಛವಾಯಿತು. ಏಟಿಗೆ ಏಟು, ಗಾಜಿಗೆ ಗಾಜು. ನಾನು ಲೋಹಿತಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು.

ಖಳನಾಯಕ ನಾಯಕನ ತಾಯಿಯ ಹಣೆಗೆ ಪಿಸ್ತೂಲು ಹಿಡಿದು, ಮುಂಬಯಿ ಬಂದರಿನ ಆ ಗೋದಾಮೆಲ್ಲ ಉಸಿರು ಬಿಗಿಹಿಡಿದು ನಿಂತಿರುವಾಗ, ಎಲ್ಲಿಂದಲೋ ಒಂದು ಕುರಿ 'ಬ್ಯಾ' ಎಂದಿತು. ಅದರ ಹಿಂದೆಯೇ ಒಬ್ಬ ಹೆಂಗಸು ಗಂಟಲೆತ್ತಿ, "ಕಾಪಿ ಆರೋಗ್ತೈತೆ, ಬರ್ರಿ ಇತ್ಲಾಗೆ!" ಎಂದು ಕೂಗಿದಳು. ಖಳನಾಯಕ ಬೆಚ್ಚಿ ಆ ಕಡೆಗೇ ತಿರುಗಿದ. ನಾಯಕ ಅದೇ ಸಮಯ ನೋಡಿ ಪಿಸ್ತೂಲು ಕಿತ್ತುಕೊಂಡ. ಕೂಗಿದವಳು ಅಂಜನಪ್ಪನ ಹೆಂಡತಿ ಭೀಮಕ್ಕ. ಬ್ಯಾ ಎಂದದ್ದು ಅವರ ಹಟ್ಟಿಯ ಕೆಂಚಿ. ದಸರೆಯ ವೇಳೆಯ ನಮ್ಮ ವಿಡಿಯೋದಲ್ಲಿ ಇವೆರಡೂ ಅದೇ ಜಾಗದಲ್ಲಿ, ಅದೇ ಕ್ರಮದಲ್ಲಿ ಇದ್ದವು, ತೆಗೆಯಲು ನಮಗೆ ಸೋಮಾರಿತನ.

ಹಳೆಯ ರೀಲಿನ ಕೊನೆಯ ಭಾಗದ ಸದ್ದು ಸಂಸ್ಥೆಯವರ ಬಳಿ ಹಾಳಾಗಿ ಹೋಗಿತ್ತೆಂದು ಕಾಣುತ್ತದೆ. ಅವರು ಹುಡುಕಿದರು, ಪುರವರದ ಹಟ್ಟಿಯ ನಮ್ಮ ವಿಡಿಯೋದಲ್ಲಿ ಸಿಕ್ಕಿತು, ತೆಗೆದುಕೊಂಡು ಅಂಟಿಸಿದರು. ಇದರಲ್ಲಿ ನನಗೆ ಅಚ್ಚರಿಯಿಲ್ಲ. ಆದರೆ ದಸರೆಯಲ್ಲಿ ಹುಟ್ಟಿದ ಸದ್ದನ್ನು ಯುಗಾದಿಯಲ್ಲಿ ಹುಟ್ಟಿದ ಚಿತ್ರದಿಂದ ಕದ್ದದ್ದೆಂದು ತಾವು ತೀರ್ಪು ಕೊಟ್ಟಿರಲ್ಲ, ಅದಕ್ಕೆ ಮೆಚ್ಚಬೇಕು. ಲಗ್ನಪತ್ರಿಕೆಗಿಂತ ಮೊದಲೇ ನಾಮಕರಣದ ಪತ್ರಿಕೆ ಅಚ್ಚು ಹಾಕಿಸಿಕೊಂಡವರನ್ನು ನಾನೂ ಕಂಡಿದ್ದೇನೆ; ಅವರಿಗಾದರೂ ಸ್ವಲ್ಪ ನಾಚಿಕೆ ಇರುತ್ತಿತ್ತು.

ನನಗೂ ಲೋಹಿತಾಳಿಗೂ ಮೈ ಉರಿದುಹೋಯಿತು. ಸಂಸ್ಥೆಯ ಮೇಲೆ ಕೇಸು ಹಾಕಬೇಕು, ಪೇಪರಿನವರನ್ನು ಕರೆಸಬೇಕು ಎಂದು ಕೂಗಾಡುತ್ತಿದ್ದೆವು. ಅಂಜನಪ್ಪ ಕೈ ಎತ್ತಿ ಸುಮ್ಮನಾಗಿಸಿ, "ಇನ್ನೊಂದ್ಸಲ ಹಾಕಮ್ಮ" ಎಂದ. ಲೋಹಿತಾ ಹಾಕಿದಳು. ಆತ ಕುರ್ಚಿಯ ತುದಿಗೆ ಜರುಗಿ ಕೂತು ನೋಡಿದ. ಏಟು ಬಿದ್ದಾಗಲೆಲ್ಲ ಅವನ ತುಟಿ ಸದ್ದಿಲ್ಲದೆ ಅಲ್ಲಾಡುತ್ತಿದ್ದವು. ಮುಗಿದ ಮೇಲೆ ನನ್ನ ಕಡೆ ತಿರುಗಿ, "ತೋಳದ ದೆಸೆಯಿಂದ ಒಂದಿನಾನೂ ಹೋಗಕಾಗ್ಲಿಲ್ಲ. ಕೊನೆಗೂ ಟೆಂಟಿನ ಒಳೀಕ್ ಹೋಗ್ಬುಟ್ನಲ್ಲಣ್ಣ!" ಎಂದ. ಬಾಯಿ ತುಂಬ ನಗುತ್ತಿದ್ದ, ಕಣ್ಣು ಒದ್ದೆಯಾಗಿದ್ದವು. ಬಿಟ್ಟಿ ಪಾಸಿನಲ್ಲಿ ಒಳಗೆ ಕೂತು ಕಡಲೆಕಾಯಿ ತಿಂದವನು ನಾನು. ನನಗೆ ಅಳು ತಡೆಯಲಾಗಲಿಲ್ಲ. ಅಂದು ಸಂಜೆ ಆತ ಕುರಿಗಳನ್ನು ಕರೆದ ಸದ್ದಿಗೆ ಕೆಂಪಯ್ಯನವರ ಹೊಲದಿಂದ ಮಂದೆಯೆಲ್ಲ ಓಡಿ ಬಂತಂತೆ, ಜೊತೆಗೆ ಕೆಂಪಯ್ಯನವರ ಎರಡು ಮೇಕೆಗಳೂ.

ಆದಕಾರಣ ಮಾನ್ಯರೇ, ಅಂಜನಪ್ಪನ ಆಜ್ಞೆಯ ಮೇರೆಗೆ ಕೇಸಿನ ಮಾತನ್ನು ಕೈಬಿಟ್ಟು, ಈ ಕೆಳಗಿನಷ್ಟನ್ನೇ ಪ್ರಾರ್ಥಿಸುತ್ತೇನೆ. ನಮ್ಮ ವಿಡಿಯೋವನ್ನು ಇದ್ದ ಜಾಗದಲ್ಲಿ ಇಡಬೇಕು. ಸದರಿ ಚಿತ್ರದ ಆರಂಭದಲ್ಲಿ ಹಟ್ಟಿಯಿಂದ ಸದ್ದು ಕೊಟ್ಟವರೆಲ್ಲರ ಹೆಸರು ಬರುವಂತೆ ಮಾಡಬೇಕು. ತಮಗೆ ಶ್ರಮವಾಗಬಾರದೆಂದು ನಾನೇ ಬಂಗಾರದ ಅಂಚು ಹಾಕಿ, ಮೇಲೆ ಗಣಪತಿ ಸಮೇತ ಅಚ್ಚು ಮಾಡಿಟ್ಟಿದ್ದೇನೆ: 'ಹೊಡೆದಾಟದ ಧ್ವನಿ: ಶ್ರೀ ಅಂಜನಪ್ಪ. ನಾಯಕನ ತಾಯಿಯ ಪ್ರಾಣ ಉಳಿಸಿದವರು: ಶ್ರೀಮತಿ ಭೀಮಕ್ಕ. ಗೌರವ ಪಾತ್ರದಲ್ಲಿ: ಚಿರಂಜೀವಿ ಸೌಭಾಗ್ಯವತಿ ಕೆಂಚಿ.' ಮತ್ತು ಒಮ್ಮೆ ಬಿಡುವು ಮಾಡಿಕೊಂಡು ಹಟ್ಟಿಗೆ ಬಂದು, ಸದ್ದು ಬರುವ ಬಾಯನ್ನು ತಮ್ಮ ಕಣ್ಣಾರೆ ನೋಡಬೇಕು. ಕಣ್ಣಿಲ್ಲವೆಂದರೆ ಎರವಲು ಕೊಡುತ್ತೇವೆ, ಆಮೇಲೆ ಅದು ತಮ್ಮದೇ ಎನ್ನಬಾರದು ಅಷ್ಟೆ.

ಕಿವಿಯಿದ್ದೂ ಕೇಳಿಸಿಕೊಳ್ಳದ ತಮ್ಮ ಔದಾರ್ಯದಲ್ಲಿ ಇನ್ನೂ ಭರವಸೆಯಿಟ್ಟಿರುವ,

ತಮ್ಮ ವಿಶ್ವಾಸಿ,
ರೇಣುಕಪ್ರಸಾದ್
(ಅಂಜನಪ್ಪ, ಲೋಹಿತಾ ಇವರ ಪರವಾಗಿಯೂ)

ತಾ.ಕ.: ಈ ವಾರದ ಜೋಡಿಯನ್ನು ಈಗಾಗಲೇ ಚಿತ್ರೀಕರಿಸಿ ತಮಗೆ ಒಪ್ಪಿಸಿದ್ದೇವೆ. ಒಂದು, ಹಳೆಯ 'ಗೋದಾಮು ನಂಬರ್ ಹದಿನೇಳು'. ಇನ್ನೊಂದು, ಸಂಸ್ಥೆಯವರು ಉಜ್ಜಿ ತೊಳೆದದ್ದು. ಕುರಿಯಿರುವುದೇ ಉತ್ತಮ ಚಿತ್ರವೆಂದು ಮೂವರೂ ಒಮ್ಮತದಿಂದ ತೀರ್ಮಾನಿಸಿದ್ದೇವೆ. ಮೂರನೆಯ ನೋಟಿಸು ಕಳಿಸುವುದಾದರೆ ದಯವಿಟ್ಟು ನೇರವಾಗಿ ಕೆಂಚಿಯ ಹೆಸರಿಗೇ ಕಳಿಸಿ. ಅವಳಿಗೆ ಸಹಿ ಹಾಕಲು ಬರುವುದಿಲ್ಲ, ಆದರೆ ಕಾಗದಪತ್ರಗಳ ವಿಲೇವಾರಿಯಲ್ಲಿ ತಮ್ಮಷ್ಟೇ ಚುರುಕು: ಮೊದಲೆರಡು ನೋಟಿಸುಗಳನ್ನು ಕೂಲಂಕಷವಾಗಿ ಅಗಿದು, ನುಂಗಿದ್ದಾಳೆ.